ನಾಲ್ಕು ದಿನದ ಅಂತರ

ಸೊಲಾನಳ ಬೆರಳು ಆ ಸಾಲಿನ ಮೇಲೆ ನಿಂತುಬಿಟ್ಟಿತು.

ವರ್ಷದ ಕೊನೆಯ ದಾಸ್ತಾನು ಪಟ್ಟಿಗೆ ಲಸಿಕೆ ಸೀಸೆಗಳ ಬ್ಯಾಚ್ ನಂಬರು ಬೇಕಾಗಿತ್ತು. ಅದಕ್ಕೆಂದು ಲಸಿಕೆ ಪುಸ್ತಕ ತೆರೆದು ಕೆಳಗಿನಿಂದ ಮೇಲಕ್ಕೆ ಓದುತ್ತ ಬಂದಿದ್ದಳು. ಚಾಂದ್ರಮಾನದ ಹನ್ನೆರಡನೇ ತಿಂಗಳು, ಒಂದನೇ ದಿನ, ಸೋಮವಾರ. ಹೌ ತಿಯಂಪೋ, ಹದಿನಾಲ್ಕನೇ ಹಾಸಿಗೆ. ಹೆಪಟೈಟಿಸ್ ಬಿ ಲಸಿಕೆ, ಬಲ ತೋಳು. ಪಕ್ಕದಲ್ಲಿ ಅವಳದೇ ಸಹಿ, ಎಂದಿನಂತೆ ಪೂರ್ತಿ ಹೆಸರು.

ಮೇಜಿನ ಇನ್ನೊಂದು ತುದಿಯಿಂದ ರಕ್ತ ಪರೀಕ್ಷೆಯ ಪುಸ್ತಕವನ್ನು ಎಳೆದುಕೊಂಡಳು. ಅದೇ ತಿಂಗಳು, ಐದನೇ ದಿನ, ಶುಕ್ರವಾರ. ಹೌ ತಿಯಂಪೋ. ಅರ್ಧ ವರ್ಷದ ತಪಾಸಣೆ. ಅಲ್ಲೂ ಅವಳದೇ ಸಹಿ.

ನಡುವೆ ನಾಲ್ಕು ದಿನ. ಎರಡು ಸಲ ಎಣಿಸಿದಳು. ಗೋಡೆಯ ಕ್ಯಾಲೆಂಡರಿನ ಮೇಲೆ ಮೂರನೇ ಸಲ ಎಣಿಸಿದಳು.

ಲಸಿಕೆಯಲ್ಲಿರುವುದು ಆ ವೈರಸ್ಸಿನ ಸಿಪ್ಪೆಯ ಚೂರು. ಪರೀಕ್ಷೆ ಹುಡುಕುವುದೂ ಅದೇ ಸಿಪ್ಪೆಯನ್ನು. ಚುಚ್ಚಿದ ಮೇಲೆ ಎರಡು ಮೂರು ವಾರ ಅದು ರಕ್ತದಲ್ಲಿ ಸುಳಿದಾಡುತ್ತಿರಬಹುದು. ಆಗ ರಕ್ತ ತೆಗೆದರೆ ಇಲ್ಲದ ಕಾಯಿಲೆ ಇದೆಯೆಂದು ತೋರುತ್ತದೆ. ಒಂದು ತಿಂಗಳು ಕಾಯಬೇಕು. ಇದನ್ನು ಅವಳು ಓದಿದ್ದಳು. ಹಗಲು ಇದೇ ಕ್ಲಿನಿಕ್ಕಿನಲ್ಲಿ ನೆಲ ಒರೆಸಿ, ಹಾಸಿಗೆ ಬಟ್ಟೆ ಬದಲಿಸಿ, ಸಂಜೆಯ ಬಸ್ಸು ಹಿಡಿದು ಚಿಯಾಯಿ ಪಟ್ಟಣದ ಸಂಜೆಯ ನರ್ಸಿಂಗ್ ಕಾಲೇಜಿಗೆ ಹೋಗುತ್ತಿದ್ದ ವರ್ಷಗಳಲ್ಲಿ ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿದ್ದಳು. ಗೆರೆ ಎಳೆದದ್ದು ಈಗಲೂ ನೆನಪಿತ್ತು. ಸಾಲು ಬೇಕಾದ ದಿನ ನೆನಪಾಗಿರಲಿಲ್ಲ.

ಹೊಸ ವರ್ಷದ ಮೊದಲ ತಿಂಗಳಲ್ಲಿ ಕೆಟ್ಟ ವರದಿ ಕೈಗೆ ಬರಬಾರದು ಎಂಬುದು ತೈವಾನಿನ ಈ ಕರಾವಳಿಯ ರೋಗಿಗಳ ಹಟ. ಬಂದರೆ ವರ್ಷವಿಡೀ ಅದೇ ಬರುತ್ತದಂತೆ. ಅದಕ್ಕೇ ರಕ್ತದ ತಪಾಸಣೆಯನ್ನು ಹಬ್ಬಕ್ಕೆ ಮುಂಚೆ ಮುಗಿಸಿಬಿಡುತ್ತಾರೆ. ಈ ಸಲ ಹಬ್ಬ ಬೇಗ ಬಂದಿತ್ತು. ಸೊಲಾನ್ ರಕ್ತದ ಪಟ್ಟಿಯನ್ನು ಮೂರು ವಾರ ಮುಂಚೆಗೆ ತಂದಳು. ಲಸಿಕೆಯ ಪಟ್ಟಿ ಇದ್ದಲ್ಲೇ ಉಳಿಯಿತು.

ಅವಳು ತಲೆ ಎತ್ತಿದಳು. ಒಳಕೋಣೆಯಲ್ಲಿ ನಾಲ್ಕು ಹಾಸಿಗೆ, ರಕ್ತ ಶುದ್ಧಿ ಮಾಡುವ ನಾಲ್ಕು ಡಯಾಲಿಸಿಸ್ ಯಂತ್ರ. ಹೊಸಿಲಿನ ಬಳಿ ನೆಲಕ್ಕೆ ಅಂಟಿಸಿದ ಹಳದಿ ಪಟ್ಟಿ. ಹೆಪಟೈಟಿಸ್ ಬಿ ಇದ್ದವರಿಗೆ ಮಾತ್ರ ಈ ಕೋಣೆ. ಇಲ್ಲಿನ ಯಂತ್ರ ಹೊರಗಿನ ಹಾಲ್‌ಗೆ ಹೋಗುವುದಿಲ್ಲ, ಇಲ್ಲಿ ಕೆಲಸಕ್ಕಿರುವ ನರ್ಸು ಆ ದಿನ ಹಾಲ್‌ನ ರೋಗಿಗಳನ್ನು ಮುಟ್ಟುವುದಿಲ್ಲ. ಮೂರನೇ ಹಾಸಿಗೆಯಲ್ಲಿ ತಿಯಂಪೋ ಗೋಡೆಗೆ ಮುಖ ಮಾಡಿ ಮಲಗಿದ್ದ. ಅರವತ್ತಾರರ ಮನುಷ್ಯ, ಒಂದು ಕಾಲಕ್ಕೆ ಸಮುದ್ರದಲ್ಲಿ ತೆಪ್ಪ ಕಟ್ಟಿ ಸಿಂಪಿ ಸಾಕಿದವನು. ಏಳು ವರ್ಷ ಹಾಲ್‌ನ ಹದಿನಾಲ್ಕನೇ ಹಾಸಿಗೆಯಲ್ಲಿ ಮಲಗಿ, ಸೂಜಿ ಚುಚ್ಚಿದ ನರ್ಸುಗಳಿಗೆಲ್ಲ ಅಂಕ ಕೊಡುತ್ತಿದ್ದ. ಸೊಲಾನಳಿಗೆ ಎಂದೂ ಎಂಬತ್ತಕ್ಕಿಂತ ಕಮ್ಮಿ ಕೊಟ್ಟಿರಲಿಲ್ಲ. ವರದಿ ಬಂದ ದಿನವೇ ಅವನನ್ನು ಇಲ್ಲಿಗೆ ತಂದರು. ಇವತ್ತಿಗೆ ಎರಡು ವಾರ. ಈ ಎರಡು ವಾರದಲ್ಲಿ ಯಾರಿಗೂ ಅಂಕ ಸಿಕ್ಕಿರಲಿಲ್ಲ.

ನಿಯಮದ ಪ್ರಕಾರ ಮನೆಯವರ ರಕ್ತವನ್ನೂ ನೋಡಬೇಕಾಗಿತ್ತು. ಮಗ ದೂರದ ಕಾವ್‌ಶುಂಗ್‌ನಲ್ಲಿ ಕೆಲಸದಲ್ಲಿದ್ದ. ಹೆಂಡತಿ ಗಿನ್‌ಹ್ವೆ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಕೊಟ್ಟಳು. ಅವಳಿಗೂ ಬಿ ಇತ್ತು, ಅದೂ ಬಹಳ ಹಳೆಯದು. ಮರುದಿನ ಅವಳು ಹೊದಿಕೆ ಸುತ್ತಿಕೊಂಡು, ತಾನು ಸಿಂಪಿ ಬಿಡಿಸುವ ಶೆಡ್ಡಿನ ಅಟ್ಟಕ್ಕೆ ಮಲಗಲು ಹೋದಳು. ಎಂಟು ದಿನವಾಗಿತ್ತು. ಗಂಡನನ್ನು ಈಗಲೂ ವಾರಕ್ಕೆ ಮೂರು ಸಲ ಸ್ಕೂಟರಿನಲ್ಲಿ ತಂದು ಬಿಡುತ್ತಾಳೆ. ಒಳಗೆ ಮಾತ್ರ ಬರುವುದಿಲ್ಲ.

"ಏನಮ್ಮ ಹಂಗೆ ಬಿಳುಚ್ಕೊಂಡಿದೀಯ? ಬೆಳಿಗ್ಗೆ ಏನೂ ತಿಂದಿಲ್ವಾ?" ಹಿರಿಯ ನರ್ಸ್ ಲೂ ಹಳದಿ ಪಟ್ಟಿಯ ಆಚೆ ನಿಂತು ಕೇಳಿದಳು.

ಸೊಲಾನ್ ಎರಡೂ ಪುಸ್ತಕಗಳನ್ನು ಬಾಗಿಲ ಬಳಿಗೆ ಒಯ್ದು, ತೆರೆದು ಹಿಡಿದಳು. ಲೂ ಓದಿದಳು. ಕನ್ನಡಕ ತೆಗೆದು ಇನ್ನೊಮ್ಮೆ ಓದಿದಳು.

"ಯಾರಿಗೆ ಹೇಳಿದೀಯ?"

"ಯಾರಿಗೂ ಇಲ್ಲ ಅಕ್ಕ. ಈಗ್ಲೇ ನೋಡಿದ್ದು."

"ಹೇಳ್ಬೇಡ."

"ಆದ್ರೆ ಅವರ ಮನೇಲಿ..."

"ಕೇಳಿಲ್ಲಿ." ಲೂ ದನಿ ತಗ್ಗಿಸಿದಳು. "ಇದು ಲಸಿಕೆಯಿಂದ್ಲೇ ಆಗಿರೋದು ಅಂತ ನಿಂಗೆ ಖಾತ್ರಿನಾ? ಅವನ ಹೆಂಡ್ತಿಗೂ ಇದೆ. ಮೂವತ್ತೆಂಟು ವರ್ಷ ಸಂಸಾರ ಮಾಡಿದಾರೆ. ನಿಜವಾಗ್ಲೂ ಬಂದಿದ್ರೆ?"

ಸೊಲಾನ್ ಆ ಎರಡು ದಿನಾಂಕಗಳನ್ನು ಮತ್ತೆ ನೋಡಿದಳು.

"ಇವತ್ತು ಇಲ್ಲ ಅಂದು, ಹಬ್ಬ ಕಳೆದ್ಮೇಲೆ ಹೌದು ಅಂತೀಯಾ? ಒಬ್ಬ ಮನುಷ್ಯನ್ನ ಎಷ್ಟು ಸಲ ಕೆಡವ್ತೀಯ?"

"ಇವತ್ತೇ ಇನ್ನೊಂದು ಸಲ ರಕ್ತ ತೆಗೆದ್ರೆ?"

"ಲಸಿಕೆ ಹಾಕಿ ಇಪ್ಪತ್ಮೂರು ದಿನ. ಪುಸ್ತಕದಲ್ಲಿ ತಿಂಗಳು ಅಂತಿದೆ. ಒಂದ್ಸಲ ಬೇಗ ತೆಗೆದಿದ್ದು ಸಾಕಾಗಿಲ್ವಾ?" ಲೂ ಪುಸ್ತಕ ಮುಚ್ಚಿದಳು. "ಹೊಸ ವರ್ಷದ ಎರಡನೇ ದಿನ ಬರ್ತಾನಲ್ಲ, ಆಗ ತೆಗಿ. ಅಲ್ಲೀವರೆಗೂ ಅವನು ಇದೇ ಕೋಣೇಲಿರ್ಲಿ. ಹಾಲ್‌ನಲ್ಲಿ ಇಪ್ಪತ್ತೆರಡು ಜನ ಇದಾರೆ, ಅವರ ಮೆಷಿನ್ ಇರೋ ಹಾಸಿಗೇಲಿ ನಾನಂತೂ ಇವನ್ನ ಮಲಗಿಸಲ್ಲ."

"ಮಲಗ್ಸೋಣ ಅಂತಿಲ್ಲ ಅಕ್ಕ. ಹೇಳೋಣ ಅಂತಿದೀನಿ."

"ಎರಡೂ ಒಂದೇ," ಎಂದು ಲೂ ಹಾಲ್ ಕಡೆಗೆ ಹೋದಳು.

ಲೂ ಹೇಳಿದ್ದು ಸರಿಯಾಗಿತ್ತು. ಅದು ಸೊಲಾನಳಿಗೆ ಅನುಕೂಲವೂ ಆಗಿತ್ತು. ಎರಡರಲ್ಲಿ ಯಾವ ಕಾರಣಕ್ಕೆ ತಾನು ತಲೆಯಾಡಿಸಿದ್ದು ಎಂದು ಅವಳಿಗೇ ತಿಳಿಯಲಿಲ್ಲ. ಮೇಜಿಗೆ ಬಂದು ಬ್ಯಾಚ್ ನಂಬರು ಬರೆದಳು. ತಪ್ಪಾಯಿತು. ಹೊಡೆದುಹಾಕಿ ಮತ್ತೆ ಬರೆದಳು.

"ಏ ತಿಯಂಪೋ," ಒಂದನೇ ಹಾಸಿಗೆಯಿಂದ ಕಾಂಗ್ ಅಜ್ಜಿ ಕರೆದಳು. ಅವಳಿಗೆ ಎಪ್ಪತ್ತೆರಡು. "ಇವತ್ತು ಒಲೆ ದೇವ್ರನ್ನ ಸ್ವರ್ಗಕ್ಕೆ ಕಳಿಸೋ ದಿನ. ನಿಮ್ಮನೇಲಿ ಅವನ ಬಾಯಿಗೆ ಸಿಹಿ ಯಾರು ಮೆತ್ತಿದ್ರು? ಹೆಂಡ್ತಿ ಇಲ್ವಲ್ಲ."

"ಯಾರೂ ಇಲ್ಲ."

"ಹಂಗಾದ್ರೆ ಮೇಲೆ ಹೋಗಿ ಎಲ್ಲಾ ಹೇಳ್ತಾನೆ ನೋಡು ನಿನ್ನ ಬಗ್ಗೆ."

"ಹೇಳ್ಲಿ ಬುಡಿ."

"ಎರಡು ವಾರಕ್ಕೇ ಹಿಂಗೆ ಹೆಣದ ಥರ ಬಿದ್ಕೊಂಡಿದೀಯ. ನಾನು ಹನ್ನೊಂದು ವರ್ಷದಿಂದ ಈ ಕೋಣೇಲಿದೀನಿ. ನಾನೇನು ಮನುಷ್ಯಳಲ್ವಾ? ಮುಖನಾದ್ರೂ ಈ ಕಡೆ ತಿರುಗ್ಸೋ!"

ತಿಯಂಪೋ ತಿರುಗಲಿಲ್ಲ. ಅವನ ಭುಜ ಸ್ವಲ್ಪ ಮೇಲೆದ್ದು ಇಳಿಯಿತು. ಸೊಲಾನ್ ರಕ್ತದೊತ್ತಡ ನೋಡುವ ನೆಪದಲ್ಲಿ ಎದ್ದು, ಸ್ಟೂಲು ಎಳೆದು ಅವನ ಪಕ್ಕದಲ್ಲಿ ಕುಳಿತಳು. ಕೂತ ಮೇಲೆ ಮಾತು ಎಲ್ಲಿಂದ ಶುರುಮಾಡಬೇಕೆಂದು ತೋಚದೆ, ಎರಡು ದಿನಾಂಕಗಳನ್ನು ಹೇಳಿಬಿಟ್ಟಳು. ಲಸಿಕೆಯ ದಿನ. ರಕ್ತದ ದಿನ. ಆಮೇಲೆ ಉಳಿದದ್ದು.

ಅವನು ಪೂರ್ತಿ ಕೇಳಿದ. ಯಂತ್ರದ ಚಕ್ರ ತಿರುಗುತ್ತಿತ್ತು.

"ಹಂಗಂದ್ರೆ ನಂಗೆ ಇಲ್ಲ?"

"ಇಲ್ಲ ಅಂತ ಹೇಳೋಕೆ ಆಗಲ್ಲ ಮಾವ. ಇಲ್ದೇ ಇರಬಹುದು. ಹೊಸ ವರ್ಷದ ಎರಡನೇ ದಿನ ಮತ್ತೆ ರಕ್ತ ತೆಗೆದ್ರೆ ಗೊತ್ತಾಗುತ್ತೆ. ಅಷ್ಟು ಬೇಗ ತೆಗೆದಿದ್ದು ನನ್ನ ತಪ್ಪು. ಪಟ್ಟಿ ಮಾಡಿದ್ದೂ ನಾನೇ, ಚುಚ್ಚಿದ್ದೂ ನಾನೇ."

"ಇರಬಹುದು, ಇಲ್ದೇ ಇರಬಹುದು." ಅವನು ಮೊದಲ ಸಲ ಈ ಕಡೆ ತಿರುಗಿದ. "ಗುಡೀಲಿ ಶಕುನದ ಕಡ್ಡಿ ಅಲ್ಲಾಡ್ಸಿದ್ರೂ ಇದಕ್ಕಿಂತ ನೆಟ್ಟಗೆ ಉತ್ತರ ಬೀಳುತ್ತೆ ಕಣಮ್ಮ."

"ಹೌದು ಮಾವ."

"ನಾನು ಅವಳಿಗೆ ಏನಂದೆ ಗೊತ್ತಾ?"

ಸೊಲಾನ್ ತಲೆಯಲ್ಲಾಡಿಸಿದಳು.

"ವಾರಕ್ಕೆ ಮೂರು ಸಲ ಹೋಗಿ ರಕ್ತ ತೊಳೆಸ್ಕೊಂಡು ಬರ್ತೀನಿ, ನೀನು ಮನೇಲಿ ಕೂತು ಕೊಳಕು ಮಾಡ್ತೀಯ ಅಂದೆ. ಮಗ ಫೋನಲ್ಲಿದ್ದ. ಅವನಿಗೂ ಕೇಳ್ಸೋ ಹಂಗೆ ಅಂದೆ."

ಸೊಲಾನ್ ರಕ್ತದೊತ್ತಡದ ಪಟ್ಟಿಯನ್ನು ಅವನ ತೋಳಿನಿಂದ ಬಿಚ್ಚಿದಳು.

"ನೀವೇ ಅವರಿಗೆ ಹೇಳಿ. ಇವತ್ತೇ. ಹೊರಗೆ ಸ್ಕೂಟರ್ ಹತ್ರ ಬರ್ತಾರಲ್ಲ."

"ನನ್ನ ಬಾಯಲ್ಲಿ ಬರಲ್ಲ." ಅವನು ಚಾವಣಿ ನೋಡಿದ. "ಬೈಗುಳ ಆದ್ರೆ ಬರುತ್ತೆ. ನೀನು ಹೋಗು. ತಪ್ಪು ನಿಂದೂ ಅಂದ್ಯಲ್ಲ."

ಮಧ್ಯಾಹ್ನ ಮೂರಕ್ಕೆ ಪಾಳಿ ಮುಗಿಸಿ ಸೊಲಾನ್ ಸಮುದ್ರದ ಅಡ್ಡಗಟ್ಟೆಯ ಬದಿಯ ಶೆಡ್ಡಿಗೆ ಹೋದಳು. ತಗಡಿನ ಸೂರಿನ ಕೆಳಗೆ ಏಳೆಂಟು ಹೆಂಗಸರು ಗಿಡ್ಡ ಸ್ಟೂಲುಗಳ ಮೇಲೆ ಸುತ್ತ ಕುಳಿತು ಸಿಂಪಿ ಬಿಡಿಸುತ್ತಿದ್ದರು. ಚಾಕುವಿನ ತುದಿ ಚಿಪ್ಪಿನ ಸಂದಿಗೆ ಹೋಗುವ ಸದ್ದು, ಚಿಪ್ಪು ರಾಶಿಗೆ ಬೀಳುವ ಸದ್ದು, ನಡುವೆ ರೇಡಿಯೋ. ಹಬ್ಬದ ವಾರವಾದ್ದರಿಂದ ಯಾರೂ ತಲೆ ಎತ್ತುತ್ತಿರಲಿಲ್ಲ. ಗಿನ್‌ಹ್ವೆ ವೃತ್ತದಲ್ಲಿರಲಿಲ್ಲ. ಬಾಗಿಲ ಹತ್ತಿರ, ಸಮುದ್ರದ ಗಾಳಿ ನೇರವಾಗಿ ಹೊಡೆಯುವ ಜಾಗದಲ್ಲಿ ಒಬ್ಬಳೇ ಕೂತಿದ್ದಳು. ಹೂವಿನ ಬಟ್ಟೆಯನ್ನು ಟೊಪ್ಪಿಯ ಮೇಲಿಂದ ಗಲ್ಲದವರೆಗೆ ಕಟ್ಟಿಕೊಂಡಿದ್ದಳು. ಕೈಗೆ ರಬ್ಬರ್ ಗ್ಲೌಸು, ಅದರ ಮೇಲೆ ಇನ್ನೊಂದು ಗ್ಲೌಸು.

"ನಾವೇನೂ ಅನ್ನಲಿಲ್ಲ ಕಣಮ್ಮ," ವೃತ್ತದಿಂದ ಒಬ್ಬಳು ಕೇಳದೆಯೇ ಹೇಳಿದಳು. "ಅವಳೇ ಎದ್ದು ಅಲ್ಲಿ ಕೂತ್ಕೊಂಡ್ಳು. ಚಿಪ್ಪು ತಾಗಿ ಎಲ್ರ ಕೈಲೂ ರಕ್ತ ಬರುತ್ತಲ್ಲ, ಅದಕ್ಕೆ."

"ಸ್ಟೂಲು ಎತ್ಕೊಂಡು ಹೋಗೋವಾಗ ಬಾ ಅಂತಾನೂ ಅನ್ನಲಿಲ್ಲ," ಎಂದಳು ಗಿನ್‌ಹ್ವೆ, ಕೈ ನಿಲ್ಲಿಸದೆ.

ಸೊಲಾನ್ ಅವಳನ್ನು ಹೊರಗೆ ಕರೆದಳು. ಚಿಪ್ಪಿನ ರಾಶಿಯ ಮರೆಯಲ್ಲಿ ನಿಂತು ಮತ್ತೆ ಆ ಎರಡು ದಿನಾಂಕಗಳಿಂದ ಶುರುಮಾಡಿದಳು. ಎರಡನೇ ಸಲ ಹೇಳುವಾಗ ಸುಲಭವಾಗುತ್ತದೆ ಎಂದುಕೊಂಡಿದ್ದಳು, ಆಗಲಿಲ್ಲ. ಗಿನ್‌ಹ್ವೆ ಚಾಕು ಕೈಯಲ್ಲೇ ಹಿಡಿದು ಕೇಳುತ್ತಿದ್ದಳು.

"ಹಂಗಾದ್ರೆ ನಾನು ಕೊಟ್ಟಿದ್ದಲ್ಲ."

"ಬಹುಶಃ ಅಲ್ಲ ಅಕ್ಕ. ಖಂಡಿತ ಅನ್ನೋಕೆ ಇನ್ನೂ ಆಗಲ್ಲ."

"ನಮ್ಮನೆಯವರಿಗೆ ಹೇಳಿದ್ಯಾ?"

"ಹೇಳ್ದೆ. ಅವರೇ ಕಳಿಸಿದ್ದು."

ಗಿನ್‌ಹ್ವೆ ಮೂಗಿನಿಂದ ಒಂದು ಸದ್ದು ಮಾಡಿದಳು. ನಗೆಯೋ ಏನೋ. "ಕಾಲಿಲ್ವಾ ಅವರಿಗೆ?" ಆಮೇಲೆ ಗ್ಲೌಸಿನ ಹಿಂಬದಿಯಿಂದ ಮೂಗು ಒರೆಸಿಕೊಂಡು ಕೇಳಿದಳು: "ಮತ್ತೆ ನಂದು? ನಂದೂ ನಿನ್ನ ಸೂಜಿದೇನಾ?"

"ನಿಮಗೆ ಸೂಜಿ ಹಾಕಿಲ್ವಲ್ಲ ಅಕ್ಕ. ನಿಮ್ಮದು ನಿಜ." ಇಲ್ಲಿಗೆ ನಿಲ್ಲಿಸಬಹುದಾಗಿತ್ತು ಎಂದು ಸೊಲಾನಳಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿತು. "ನಿಮ್ಮ ವಯಸ್ಸಿನೋರಲ್ಲಿ ಬಹಳ ಜನಕ್ಕಿದೆ. ಹುಟ್ಟೋವಾಗ್ಲೇ ತಾಯಿಯಿಂದ ಬಂದಿರುತ್ತೆ. ನೀವು ಮಾಡಿದ್ದೇನೂ ಅಲ್ಲ. ಜೊತೇಲಿ ಉಂಡ್ರೆ, ಒಂದೇ ಲೋಟ ಮುಟ್ಟಿದ್ರೆ ಯಾರಿಗೂ ಬರಲ್ಲ."

"ನಮ್ಮಮ್ಮ ಹೊಟ್ಟೆ ಊದಿ ಸತ್ತಳು. ನಲವತ್ತೊಂಬತ್ತಕ್ಕೆ. ಯಾರೋ ಮಾಟ ಮಾಡಿದಾರೆ ಅಂದ್ರು." ಗಿನ್‌ಹ್ವೆ ಸಮುದ್ರದ ಕಡೆ ನೋಡಿದಳು. ಇಳಿತದ ಹೊತ್ತು. ಕೆಸರಲ್ಲಿ ತೆಪ್ಪದ ಬಿದಿರುಗಳು ಬೆತ್ತಲೆ ನಿಂತಿದ್ದವು. "ತಾಯಿಯಿಂದ ಅಂದ್ಯಾ?"

"ಹೌದು."

"ಹಂಗಾದ್ರೆ ಚುನ್‌ಬೆಂಗ್?"

ಅದು ಮಗನ ಹೆಸರು.

"ಅವರು ಹುಟ್ಟಿದ್ದು ಯಾವಾಗ ಅಕ್ಕ?"

"ಮೂವತ್ತೇಳಾಯ್ತು."

ಹುಟ್ಟಿದ ಕೂಸುಗಳಿಗೆ ಲಸಿಕೆ ಹಾಕುವುದು ಶುರುವಾದದ್ದು ಅದಾದ ಎರಡು ವರ್ಷಕ್ಕೆ. ಸೊಲಾನ್ ಅದನ್ನು ಹೇಳಲಿಲ್ಲ. "ಅವರೂ ಒಂದ್ಸಲ ರಕ್ತ ನೋಡಿಸ್ಕೊಳ್ಳೋದು ಒಳ್ಳೇದು," ಎಂದಳು. "ಇದ್ರೂ ಹೆದರ್ಬೇಕಿಲ್ಲ. ಈಗ ಒಳ್ಳೆ ಮಾತ್ರೆ ಇದೆ. ವರ್ಷಕ್ಕೆರಡು ಸಲ ಲಿವರ್ ನೋಡಿಸ್ಕೊಂಡ್ರೆ..."

"ಗಂಡಂಗೆ ಕೊಟ್ಟಿಲ್ಲ ಅಂತ ಹೇಳೋಕೆ ಬಂದು, ಮಗನಿಗೆ ಕೊಟ್ಟಿದೀಯ ಅಂತ ಹೇಳಿ ಹೋಗ್ತಿದೀಯಲ್ಲಮ್ಮ," ಎಂದಳು ಗಿನ್‌ಹ್ವೆ. ಗದರಿಸುವ ದನಿಯೇನಲ್ಲ. ಯಾವುದೋ ಲೆಕ್ಕ ಸರಿಹೋಗದೆ ಎರಡನೇ ಸಲ ಓದಿದ ಹಾಗಿತ್ತು.

"ಕ್ಷಮಿಸಿ ಅಕ್ಕ."

"ಹೋಗು. ಹಬ್ಬದ ಹೊತ್ತು, ಮನೇಲಿ ನಿಂಗೂ ಕೆಲಸ ಇರುತ್ತೆ."

ಅವಳು ಸ್ಟೂಲಿಗೆ ಮರಳಿದಳು. ಗಾಳಿ ಹೊಡೆಯುವ ಅದೇ ಜಾಗಕ್ಕೆ.

ಮರುದಿನ ಸೊಲಾನ್ ತಪ್ಪಿನ ವರದಿಯ ಹಾಳೆ ತುಂಬಿಸಿದಳು. 'ಕಾರಣ' ಎಂಬ ಕಡೆ ಮೂರು ಸಲ ಬರೆದು ಹೊಡೆದುಹಾಕಿ, ಕೊನೆಗೆ 'ಎರಡು ಪಟ್ಟಿಗಳನ್ನು ಒಟ್ಟಿಗೆ ನೋಡಲಿಲ್ಲ' ಎಂದಷ್ಟೇ ಬರೆದಳು. ಲೂ ಹಾಳೆಯನ್ನು ಬಹಳ ಹೊತ್ತು ಹಿಡಿದುಕೊಂಡಳು.

"ರೋಗಿಗೂ ಹೇಳಿದೀಯ."

"ಹೇಳಿದೀನಿ ಅಕ್ಕ."

"ಬೇಡ ಅಂದಿದ್ದೆ."

"ಹೌದು."

ಲೂ ಪೆನ್ನು ತೆಗೆದು ಸಹಿ ಹಾಕಿದಳು. "ಬರೆದು ಕೊಟ್ಟಿದೀಯ, ಇನ್ನು ನಾನು ನೋಡ್ಲಿಲ್ಲ ಅನ್ನೋಕಾಗಲ್ಲ," ಎಂದು ಹಾಳೆಯನ್ನು ಡಾಕ್ಟರ ಟ್ರೇಗೆ ಹಾಕಿದಳು.

ಶುಕ್ರವಾರ ಗಿನ್‌ಹ್ವೆ ಎಂದಿನಂತೆ ಗಂಡನನ್ನು ಗೇಟಿನಲ್ಲಿ ಇಳಿಸಿ ಹೊರಗೇ ಉಳಿದಳು. ಸೂಜಿ ಚುಚ್ಚುವಾಗ ತಿಯಂಪೋ ಪಿಸುಗುಟ್ಟಿದ: "ಅವಳೇನಂದ್ಳು?"

"ಹೋಗು ಅಂದ್ರು."

"ನಂಗೂ ಅಷ್ಟೇ ಅನ್ನೋದು. ಗಾಡಿ ಹತ್ತಿ, ಗಾಡಿ ಇಳೀರಿ, ಹೋಗಿ." ಸೂಜಿಯ ಕಡೆ ನೋಡುತ್ತ, "ಮನೆಗೆ ಬಾ ಅಂದೆ. ಕೇಳಿಸ್ತೋ ಇಲ್ವೋ, ಹೆಲ್ಮೆಟ್ ಹಾಕಿದ್ಳು."

"ಹೆಲ್ಮೆಟ್ ತೆಗೆದ್ಮೇಲೆ ಹೇಳೋಕೇನಾಗಿತ್ತು ನಿಂಗೆ?" ಎಂದಳು ಕಾಂಗ್ ಅಜ್ಜಿ. ಆ ದಿನ ಅವನು ಗೋಡೆಗೆ ಮುಖ ಮಾಡಿ ಮಲಗಲಿಲ್ಲ.

ಸೋಮವಾರ ಹಬ್ಬದ ಹಿಂದಿನ ದಿನ. ಇಡೀ ತೈವಾನೇ ರೈಲು ಹತ್ತಿ ಊರಿಗೆ ಹೊರಟಿತ್ತು. ಸಂಜೆಯ ಊಟಕ್ಕೆ ಎಲ್ಲರೂ ಮನೆ ಸೇರಲೆಂದು ಕ್ಲಿನಿಕ್ಕು ಬೆಳಿಗ್ಗೆ ಐದಕ್ಕೇ ತೆರೆಯಿತು. ಹಾಲ್‌ನಿಂದ ಶುಭಾಶಯಗಳ ಗದ್ದಲ ಕೇಳುತ್ತಿತ್ತು. ಕಿತ್ತಳೆ ತಿನ್ನಬೇಡಿ, ಸೂಪು ಕುಡಿಯಬೇಡಿ ಎಂದು ಲೂ ಒಬ್ಬೊಬ್ಬರ ಹಾಸಿಗೆ ಬಳಿಯೂ ಗದರುತ್ತಿದ್ದಳು. ತಿಯಂಪೋ ಎಂಟು ಗಂಟೆಯಿಂದಲೇ ಗಡಿಯಾರ ನೋಡತೊಡಗಿದ್ದ.

"ಇಪ್ಪತ್ತು ನಿಮಿಷ ಮುಂಚೆ ಬಿಟ್ಬಿಡು ಮಗಳೇ. ಅವಳು ಅಷ್ಟು ಹೊತ್ತು ಚಳೀಲಿ ನಿಂತಿರ್ತಾಳೆ."

"ಆಗಲ್ಲ ಮಾವ. ನಾಲ್ಕು ಗಂಟೆ ಅಂದ್ರೆ ನಾಲ್ಕು ಗಂಟೆ."

"ದಿನ ಲೆಕ್ಕ ಹಾಕೋವಾಗ ಈ ಶಿಸ್ತು ಎಲ್ಲೋಗಿತ್ತು?"

ಸೊಲಾನ್ ಕೆಂಪಾದಳು. ಅವನು ತಕ್ಷಣ, "ತಮಾಷೆಗಂದೆ," ಎಂದ. "ಚುಚ್ಚಿದ್ದಕ್ಕೆ ಇವತ್ತು ಎಂಬತ್ತೈದು ಅಂಕ."

ಒಂಬತ್ತೂಕಾಲಿಗೆ ಸೂಜಿ ತೆಗೆದಳು. ಗಾಜ್ ಬಟ್ಟೆಯ ಉಂಡೆಯನ್ನು ಒತ್ತಿಕೊಂಡು ಹತ್ತು ನಿಮಿಷ ಮಲಗಿರಬೇಕಾಗಿತ್ತು. ಅವನು ಎರಡು ನಿಮಿಷಕ್ಕೇ ಎದ್ದು ಕೂತ, ಕಾಲು ಚಪ್ಪಲಿಗೆ ಚಾಚಿದ, ಒತ್ತಿಕೊಂಡ ಬೆರಳು ಜಾರಿತು. ಗಾಜ್ ಕೆಂಪಾಗಿ, ರಕ್ತ ಮೊಣಕೈಗೆ ಇಳಿಯಿತು.

"ಮುದುಕಾ! ಸಾಯೋಕೆ ಹಬ್ಬದ ದಿನಾನೇ ಸಿಕ್ತಾ?" ಎಂದು ಕಾಂಗ್ ಅಜ್ಜಿ ಕೂಗಿದಳು. ಸೊಲಾನ್ ಓಡಿಬಂದು ಅವನನ್ನು ಒರಗಿಸಿ, ಹೊಸ ಗಾಜ್ ಇಟ್ಟು ಒತ್ತಿದಳು. ಅಷ್ಟರಲ್ಲಿ ಅಜ್ಜಿಯ ಯಂತ್ರವೇ ಕಿರುಚತೊಡಗಿತು. ಅವಳ ರಕ್ತದೊತ್ತಡ ಇಳಿಯುತ್ತಿತ್ತು, ತುಟಿ ಬಿಳಿಯಾಗುತ್ತಿತ್ತು. ಹಾಲ್‌ನ ನರ್ಸುಗಳು ಇಲ್ಲಿಗೆ ಬರುವಂತಿರಲಿಲ್ಲ. ಸೊಲಾನ್ ಕಿಟಕಿಯತ್ತ ತಿರುಗಿ ಕೂಗಿದಳು:

"ಗಿನ್‌ಹ್ವೆ ಅಕ್ಕಾ! ಒಳಗೆ ಬನ್ನಿ!"

ಗಿನ್‌ಹ್ವೆ ಹಳದಿ ಪಟ್ಟಿಯ ಬಳಿ ಬಂದು ನಿಂತಳು. ಹೆಲ್ಮೆಟ್ ಕೈಯಲ್ಲಿತ್ತು.

"ಆ ಡಬ್ಬೀಲಿ ಗ್ಲೌಸಿದೆ, ಹಾಕ್ಕೊಳ್ಳಿ. ಇಲ್ಲಿ ಒತ್ತಿ ಹಿಡೀರಿ. ಎರಡು ಹೆಬ್ಬೆರಳಲ್ಲಿ."

"ನನ್ನ ಕೈ ತುಂಬ ಗಾಯ ಇದೆ."

"ಅದಕ್ಕೇ ಗ್ಲೌಸು. ಬೇಗ ಬನ್ನಿ ಅಕ್ಕ."

ಅವಳು ಹೆಲ್ಮೆಟನ್ನು ನೆಲದ ಮೇಲಿಟ್ಟಳು. ಒಂದರ ಮೇಲೊಂದು ಎರಡು ಜೊತೆ ಹಾಕಿಕೊಂಡು ಬಂದು ಹೆಬ್ಬೆರಳುಗಳನ್ನು ಗಾಜ್ ಬಟ್ಟೆಯ ಮೇಲಿಟ್ಟಳು. ಸೊಲಾನ್ ಅದರ ಮೇಲೆ ತನ್ನ ಬೆರಳಿಟ್ಟು ಎಷ್ಟು ಒತ್ತಬೇಕೆಂದು ತೋರಿಸಿ, ಗ್ಲೌಸು ಬದಲಿಸಿ ಅಜ್ಜಿಯ ಕಡೆ ಓಡಿದಳು. ಕಾಲು ಎತ್ತರಿಸಿ, ಲವಣದ ನೀರು ಬಿಟ್ಟು, ಅಜ್ಜಿ ಕಣ್ಣು ತೆರೆದು "ಇನ್ನೂ ಇದೀನಾ?" ಎಂದು ಕೇಳುವವರೆಗೂ ಅವಳು ಹಿಂದಿರುಗಿ ನೋಡಲಿಲ್ಲ. ಬೆನ್ನ ಹಿಂದಿನ ಮಾತು ಮಾತ್ರ ಕೇಳುತ್ತಿತ್ತು.

"ಇದೇನು, ಒಳಗೆ ಝುಮ್ ಅಂತಿದೆ?"

"ಯಾವಾಗ್ಲೂ ಹಂಗೇ. ಆಪರೇಷನ್ ಮಾಡಿ ಎರಡು ರಕ್ತದ ನರ ಸೇರ್ಸಿದಾರಲ್ಲ."

"ಏಳು ವರ್ಷದಿಂದ್ಲಾ?"

"ಹೂಂ. ನೀನು ಕೇಳಿರ್ಲಿಲ್ಲ."

"ನೀವು ಮುಟ್ಟೋಕೆ ಬಿಟ್ಟಿರ್ಲಿಲ್ಲ."



"ಚುನ್‌ಬೆಂಗ್ ಎಷ್ಟೊತ್ತಿಗೆ?"

"ಮೂರರ ರೈಲು."

"ಅವನಿಗೆ..." ತಿಯಂಪೋ ಕೆಮ್ಮಿದ. "ನಾನು ಹೇಳ್ಲಾ?"

"ನೀವು ಹೇಳೋದು ಹೆಂಗಿರುತ್ತೆ ಅಂತ ನೋಡಿದೀನಲ್ಲ. ರಕ್ತ ನೋಡಿಸ್ಕೋ ಅಂತ ನಾನೇ ಹೇಳ್ತೀನಿ. ಊಟ ಆದ್ಮೇಲೆ."

"ಊಟಕ್ಕೆ ಮನೆಗೆ..." ಅವನು ಅಲ್ಲಿಗೇ ನಿಲ್ಲಿಸಿದ.

ಸೊಲಾನ್ ತಿರುಗಿ ನೋಡಿದಾಗ ರಕ್ತ ನಿಂತಿತ್ತು. ಗೋಡೆಯ ಗಡಿಯಾರದಲ್ಲಿ ಹತ್ತು ನಿಮಿಷದ ಮೇಲೆ ಮೂರೋ ನಾಲ್ಕೋ ನಿಮಿಷ ಆಗಿತ್ತು. ಸಾಕು, ಬಿಡಬಹುದು ಎಂದು ಹೇಳಲು ಬಾಯಿ ತೆರೆದವಳು ಅಜ್ಜಿಯ ಹೊದಿಕೆಯನ್ನು ಸರಿಮಾಡಿದಳು. ಗಿನ್‌ಹ್ವೆ ಹಾಸಿಗೆಯ ಅಂಚಿನಲ್ಲಿ ಕುಳಿತುಕೊಂಡಿದ್ದಳು. ಅವಳು ಗಂಡನ ಮುಖವನ್ನು ನೋಡುತ್ತಿರಲಿಲ್ಲ. ಎರಡು ಪದರ ರಬ್ಬರಿನ ಕೆಳಗೆ ಅದುರುತ್ತಿದ್ದ ಆ ಜಾಗವನ್ನೇ ನೋಡುತ್ತ, ಬೆರಳುಗಳ ಒತ್ತಡವನ್ನು ಒಂದಿಷ್ಟು ಸಡಿಲಿಸಿ, ಮತ್ತೆ ಒತ್ತಿದಳು.